ಬೆನ್ನಿಗೆ ಚೀಲ ಹಾಕಿ ಹೋದ ದೂರದ ಊರುಗಳು: ಅಲ್ಲಿ ಸಿಕ್ಕ ಜನರ ನೆನಪು ಬರೆಯೋಣ

ಶಿರಸಿ ಚಾರಣಿಗ:

ಗೆಳೆಯರೇ, ಬೂಟು, ಟೆಂಟು, ದಾರಿ, ಖರ್ಚು ಇವುಗಳ ಬಗ್ಗೆ ನಾವೆಲ್ಲ ಸಾಕಷ್ಟು ಬರೆದಿದ್ದೇವೆ. ದಾರಿಯಲ್ಲಿ ಮನೆ ಬಾಗಿಲು ತೆರೆದು ಒಳಗೆ ಕರೆದವರ ಬಗ್ಗೆ ಬರೆದದ್ದು ಕಡಿಮೆ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ನಿಮಗೆ ನೆನಪಿರುವ ಮನೆ, ನೆನಪಿರುವ ಮುಖ, ಏನಿದ್ದರೂ ಬರೆಯಿರಿ. ಫೋಟೋ ಬೇಕಿಲ್ಲ.

ನನ್ನದು ಸ್ಪಿತಿ. ಹಿಮಾಚಲದ ಲಾಹೌಲ್-ಸ್ಪಿತಿ ಜಿಲ್ಲೆ, ಕಾಜಾದಿಂದ ಮೇಲೆ ಕಿಬ್ಬರ್ ಅಂತ ಊರು. ನಾಲ್ಕು ಸಾವಿರ ಮೀಟರಿಗೂ ಎತ್ತರ. ಕಾಜಾದಿಂದ ಸಂಜೆ ಒಂದು ಸರ್ಕಾರಿ ಬಸ್ ಮೇಲೆ ಹೋಗುತ್ತದೆ, ಬೆಳಿಗ್ಗೆ ಅದೇ ಬಸ್ ಇಳಿಯುತ್ತದೆ. ಬಸ್ಸಿನ ತುಂಬ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಶಾಲೆ ಮಕ್ಕಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲ್ಲಿ ಉಳಿಯುತ್ತೀರಿ ಅಂತ ಕೇಳಿದರು. ಇನ್ನೂ ಗೊತ್ತಿಲ್ಲ ಅಂದೆ. "ಹಾಗಾದರೆ ನಮ್ಮ ಮನೆಗೆ ಬನ್ನಿ" ಅಂದರು. ಅಷ್ಟೇ ಮಾತು.

ನಾನು ಹೋದದ್ದು ಆಗಸ್ಟ್‌ನಲ್ಲಿ. ಅಲ್ಲಿ ಅದು ಬಟಾಣಿ ಕೀಳುವ ಕಾಲ. ಕೆಳಗಿನ ಬಯಲು ಸೀಮೆಯಲ್ಲಿ ಹಸಿ ಬಟಾಣಿ ಸಿಗದ ಹೊತ್ತಿಗೆ ಸ್ಪಿತಿಯದು ಬರುತ್ತದೆ, ಹಾಗಾಗಿ ಒಳ್ಳೆ ರೇಟು. ವರ್ಷದ ದುಡ್ಡು ಪೂರ್ತಿ ಆ ಕೆಲವು ವಾರಗಳಲ್ಲೇ ಬರಬೇಕು. ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ನಾನೂ ಹೊಲಕ್ಕೆ ಹೋದೆ. ಬಳ್ಳಿ ಕಿತ್ತು ಬರದ ಹಾಗೆ ಒಂದು ಕೈಯಲ್ಲಿ ಬುಡ ಹಿಡಿದು, ಇನ್ನೊಂದು ಕೈಯಲ್ಲಿ ಕಾಯಿ ಬಿಡಿಸಬೇಕು. ಅಜ್ಜಿಯೊಬ್ಬರು ಅದನ್ನು ತೋರಿಸಿಕೊಟ್ಟರು. ಅವರ ಬೆರಳಿನ ತುದಿಯೆಲ್ಲ ಒಡೆದು ಕಪ್ಪು ಗೆರೆ ಕಟ್ಟಿತ್ತು, ಆದರೂ ಕೈ ಓಡುವ ವೇಗ ನೋಡಬೇಕು. ಮಧ್ಯಾಹ್ನ ಹೊಲದ ಬದುವಿನ ಮೇಲೆ ಕೂತು ರೊಟ್ಟಿ, ಆಲೂಗಡ್ಡೆ ಪಲ್ಯ, ಥರ್ಮಾಸಿನಲ್ಲಿ ಉಪ್ಪು-ಬೆಣ್ಣೆ ಹಾಕಿದ ಚಹಾ.

ನಿಮ್ಮ ಕಡೆ ಏನು ಬೆಳೆ ಅಂತ ಕೇಳಿದರು. ಅಡಿಕೆ ಅಂದೆ. ಕೊನೆಗೌಡರು ಮರ ಹತ್ತಿ, ಇಳಿಯದೆ ಮರದಿಂದ ಮರಕ್ಕೆ ದಾಟಿ ಕೊನೆ ಕೊಯ್ಯುತ್ತಾರೆ ಅಂತ ಹೇಳಿದೆ. ಆ ಊರಿನ ಸುತ್ತ ಕಣ್ಣು ಹಾಯಿಸಿದರೆ ಆಳೆತ್ತರದ ಮರವೂ ಅಪರೂಪ. ಅಜ್ಜಿ ನಂಬಲೇ ಇಲ್ಲ. ಫೋನಿನಲ್ಲಿದ್ದ ನಮ್ಮ ತೋಟದ ವಿಡಿಯೋ ತೋರಿಸಿದೆ. ಸಂಜೆ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಮತ್ತೆ ಮತ್ತೆ ಹಾಕಿಸಿ ನೋಡಿದರು.

ರಾತ್ರಿ ಎಲ್ಲರೂ ಒಲೆ ಸುತ್ತ ಕೂರುತ್ತಿದ್ದೆವು. ತಗಡಿನ ಒಲೆ, ಅದಕ್ಕೊಂದು ಹೊಗೆ ಕೊಳವೆ, ಉರಿಸಲು ಸಗಣಿ ಬೆರಣಿ. ಮನೆಯ ಯಜಮಾನರು ಹಳೆ ಕಥೆ ಹೇಳುತ್ತಿದ್ದರು. ಪಕ್ಕದ ಚಿಚಮ್ ಊರಿಗೆ ಹೋಗಬೇಕಾದರೆ ಮೊದಲು ಆಳವಾದ ಕಮರಿಯ ಮೇಲೆ ಹಗ್ಗದ ತೊಟ್ಟಿಲಿನಲ್ಲಿ ಕೂತು, ಕೈಯಲ್ಲೇ ಹಗ್ಗ ಎಳೆದುಕೊಂಡು ದಾಟಬೇಕಿತ್ತಂತೆ. 2017ರಲ್ಲಿ ಸೇತುವೆ ಆಯಿತು. ಹಿಮ ಚಿರತೆ ಕೊಟ್ಟಿಗೆಗೆ ನುಗ್ಗಿ ಕುರಿ ಕೊಂದ ರಾತ್ರಿಗಳ ಕಥೆಯನ್ನೂ ಹೇಳಿದರು. ನಾನು ಕರ್ನಾಟಕದವನು ಅಂದಾಗ "ಮೈಸೂರಿನವರು ಗೊತ್ತು ನಮಗೆ" ಅಂದರು. ನನಗೆ ಆಶ್ಚರ್ಯ. ಆಮೇಲೆ ತಿಳಿಯಿತು, ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಬಹಳ ವರ್ಷಗಳಿಂದ ಅಲ್ಲಿ ಹಿಮ ಚಿರತೆಯ ಕೆಲಸ ಮಾಡುತ್ತಿದ್ದಾರೆ. ಊರಿನವರ ಜೊತೆ ಸೇರಿ ಜಾನುವಾರುಗಳಿಗೆ ವಿಮೆ ಮಾಡಿದ್ದಾರೆ. ಹುಲ್ಲುಗಾವಲಿನ ಒಂದು ಭಾಗವನ್ನು ಕಾಡುಕುರಿಗಳಿಗೆ ಅಂತ ಊರವರು ಬಿಟ್ಟುಕೊಟ್ಟಿದ್ದಾರೆ. ಕುರಿ ಕಳೆದುಕೊಂಡವರೇ ಈಗ ಚಿರತೆ ನೋಡಲು ಬರುವವರಿಗೆ ದಾರಿ ತೋರಿಸುತ್ತಾರೆ.

ನಾನು ಚಂದ್ರತಾಲ್ ಕಡೆ ಹೋಗಬೇಕು ಅಂದುಕೊಂಡಿದ್ದೆ, ಹೋಗಲಿಲ್ಲ. ಬಟಾಣಿ ಮುಗಿಯುವ ತನಕ ಅಲ್ಲೇ ಉಳಿದೆ. ಸರೋವರ ಎಲ್ಲೂ ಹೋಗುವುದಿಲ್ಲ ಅಲ್ವಾ. ಒಂದೇ ಊರಲ್ಲಿ ಉಳಿದರೆ ಮೂರನೇ ದಿನಕ್ಕೆ ಮಕ್ಕಳು ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ನಿಜವಾದ ಮಾತು ಶುರುವಾಗುತ್ತದೆ.

ಈಗ ನಿಮ್ಮ ಸರದಿ.

ಧಾರವಾಡದವಳು:

ಅಣ್ಣಾ, ಓದುತ್ತಾ ಓದುತ್ತಾ ಕಣ್ಣು ತುಂಬಿ ಬಂತು. ನನ್ನದು ಲಡಾಖಿನ ಜಾನ್ಸ್ಕರ್ ಕಣಿವೆ.

ಫುಕ್ತಾಲ್ ಮಠ ಗೊತ್ತಲ್ಲ, ಬಂಡೆಯ ಮೈಗೆ ಅಂಟಿಕೊಂಡ ಹಾಗೆ, ಒಂದು ದೊಡ್ಡ ಗುಹೆಯ ಬಾಯಲ್ಲಿ ಕಟ್ಟಿದ್ದಾರೆ. ಪುರ್ನೆ ಊರಿನಿಂದ ನದಿ ಪಕ್ಕದ ಕಾಲುದಾರಿಯಲ್ಲಿ ನಡೆದು ಹೋಗಿದ್ದೆವು. ಕೆಳಗೆ ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಲ್ಲಿ ಅಂಗಳದಲ್ಲಿ ಒಬ್ಬ ಭಿಕ್ಷು ಸೌದೆ ಜೋಡಿಸುತ್ತಿದ್ದರು. ಹಿಂದಿಯಲ್ಲಿ ಎಲ್ಲಿಂದ ಬಂದಿರಿ ಅಂದರು. ಕರ್ನಾಟಕ ಅಂದೆ. ಕೈಯಲ್ಲಿದ್ದ ಸೌದೆ ಕೆಳಗಿಟ್ಟರು.

"ಕರ್ನಾಟಕದಾಗ ಎಲ್ಲಿರಿ?"

ನಾನು ಮತ್ತು ನನ್ನ ಗೆಳತಿ ಮುಖ ಮುಖ ನೋಡಿಕೊಂಡೆವು. "ಧಾರವಾಡ" ಅಂದೆ.

"ಹೌದೇನ್ರಿ! ನಾ ಮುಂಡಗೋಡದಾಗ ಇದ್ದೆ. ಸಣ್ಣಾಂವ ಇದ್ದಾಗ ಹೋಗಿದ್ದೆ. ಹುಬ್ಬಳ್ಳಿಗೆ ಭಾಳ ಸಲ ಬಂದೇನಿ."

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಡ್ರೆಪುಂಗ್, ಗಂದೆನ್ ಮಠಗಳಿವೆ. ಸೆರಾ ಮಠ ಇರುವುದು ಬೈಲಕುಪ್ಪೆಯಲ್ಲಿ. ಲಡಾಖ್, ಜಾನ್ಸ್ಕರ್, ಸ್ಪಿತಿಯ ಎಷ್ಟೋ ಹುಡುಗರು ಓದಲು ಅಲ್ಲಿಗೆ ಬರುತ್ತಾರೆ, ವರ್ಷಗಟ್ಟಲೆ ಇರುತ್ತಾರೆ. ಪೇಟೆಗೆ ಹೋಗಿ ತರಕಾರಿ ತರಬೇಕು, ಬಸ್ಸಿನಲ್ಲಿ ಓಡಾಡಬೇಕು, ಹಾಗಾಗಿ ನಮ್ಮ ಕಡೆಯ ಮಾತು ಬಾಯಿಗೆ ಬಂದುಬಿಡುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆ ಗುಹೆಯ ಮುಂದೆ ನಿಂತು "ಊಟ ಆತೇನ್ರಿ?" ಅಂತ ಕೇಳಿಸಿಕೊಂಡಾಗ ಆದ ಖುಷಿಯೇ ಬೇರೆ.

ಅಡುಗೆಮನೆಗೆ ಕರೆದುಕೊಂಡು ಹೋದರು. ಬಾರ್ಲಿ ಹಿಟ್ಟು, ಚಹಾ, ಮೊಸರು ಕೊಟ್ಟರು. ಹಿಟ್ಟನ್ನು ಚಹಾದಲ್ಲಿ ಕಲಸಿ, ಬಟ್ಟಲಿನಲ್ಲೇ ಬೆರಳಿನಿಂದ ತಿರುಗಿಸಿ ಉಂಡೆ ಮಾಡುವುದು ಹೇಗೆ ಅಂತ ತೋರಿಸಿದರು. ಮಿರ್ಚಿ ಭಜಿ, ಗಿರ್ಮಿಟ್ ತಿಂದು ಭಾಳ ದಿನ ಆತು ಅಂದರು. ಮುಂಡಗೋಡದ ಮಳೆಗಾಲ ನೆನಪಿಗೆ ಬರುತ್ತದಂತೆ. ಮನೆ ಬಿಟ್ಟು ಬಂದ ಮೊದಲ ವರ್ಷ ರಾತ್ರಿಯಿಡೀ ಹೆಂಚಿನ ಮೇಲೆ ಬೀಳುವ ಮಳೆಗೆ ಹೆದರಿ ನಿದ್ದೆ ಬರುತ್ತಿರಲಿಲ್ಲ ಅಂದರು. ಜಾನ್ಸ್ಕರ್‌ನಲ್ಲಿ ಹುಟ್ಟಿದವರಿಗೆ ಅಂಥ ಮಳೆ ಎಲ್ಲಿ ಗೊತ್ತಿರಬೇಕು ಹೇಳಿ.

2015ರ ಪ್ರವಾಹದ ಕಥೆಯನ್ನೂ ಅವರೇ ಹೇಳಿದರು. ಅದರ ಹಿಂದಿನ ಚಳಿಗಾಲದಲ್ಲಿ ಗುಡ್ಡ ಕುಸಿದು ನದಿಗೆ ಅಡ್ಡ ಬಿದ್ದು ದೊಡ್ಡ ಕೆರೆ ನಿಂತಿತ್ತು. ಮೇ ತಿಂಗಳಲ್ಲಿ ಅದು ಒಡೆದು ಕೆಳಗಿನ ಸೇತುವೆಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮಠದ ಶಾಲೆಯೂ ಹಾಳಾಯಿತು. ಹೇಳುವಾಗ ಅವರು ಮತ್ತೆ ಹಿಂದಿಗೆ ಹೊರಳಿದರು.

ಮಠದಲ್ಲಿ ಹಂಗೇರಿಯ ಚೋಮಾ ಅನ್ನುವ ವಿದ್ವಾಂಸನ ನೆನಪಿನ ಕಲ್ಲು ಇದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಬಂದು ಇದೇ ಮಠದಲ್ಲಿ ಉಳಿದು ಟಿಬೆಟನ್ ಕಲಿತವನು. ಮುಂದೆ ಟಿಬೆಟನ್-ಇಂಗ್ಲಿಷ್ ನಿಘಂಟು ಮಾಡಿದ. ಅಂಥ ಚಳಿಯಲ್ಲಿ ಅವನನ್ನು ಇಟ್ಟುಕೊಂಡು ಅನ್ನ ಹಾಕಿದ್ದು ಈ ಜನರೇ.

ತುಂಗಾತೀರ:

ಅಡಿಕೆ ಮಾತು ಬಂತು, ತೀರ್ಥಹಳ್ಳಿಯವನಾಗಿ ಸುಮ್ಮನೆ ಇರಲು ಆಗುವುದಿಲ್ಲ.

ಮೇಘಾಲಯದ ನಾಂಗ್ರಿಯಾತ್‌ಗೆ ಹೋಗಿದ್ದೆ. ಸೋಹ್ರಾ, ಅಂದರೆ ನಮ್ಮ ಪಠ್ಯಪುಸ್ತಕದ ಚಿರಾಪುಂಜಿ, ಅದರ ಹತ್ತಿರ ತಿರ್ನಾ ಅಂತ ಊರು. ಅಲ್ಲಿಂದ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ರಬ್ಬರ್ ಅತ್ತಿ ಮರದ ಬೇರುಗಳನ್ನು ಹಳ್ಳದ ಆಚೆಗೆ ಹಾಯಿಸಿ ಬೆಳೆಸಿದ ಸೇತುವೆಗಳು ಅಲ್ಲಿವೆ. ಒಂದರ ಮೇಲೊಂದು ಇರುವ ಜೋಡಿ ಸೇತುವೆ ಎಲ್ಲರಿಗೂ ಗೊತ್ತು. ಅದರ ಫೋಟೋ ಬೇಕಾದಷ್ಟಿದೆ, ನಾನು ಅದರ ಬಗ್ಗೆ ಬರೆಯುವುದಿಲ್ಲ.

ನಾನು ಉಳಿದ ಮನೆಯ ಹಿಂದೆ ಅಡಿಕೆ ತೋಟ. ಅಡಿಕೆ ಮರಕ್ಕೆ ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದಾರೆ. ಪಕ್ಕದಲ್ಲಿ ಹಲಸು. ಮಳೆ ಬೇರೆ ಹೊಯ್ಯುತ್ತಿತ್ತು. ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ನಿಲ್ಲಿಸಿದ್ದರೆ ಆಗುಂಬೆ ಅಂದುಬಿಡುತ್ತಿದ್ದೆ. ಮನೆಯಾಕೆ ಒಳಗೆ ಕರೆದು ಮೊದಲು ಕೊಟ್ಟದ್ದು ಕ್ವಾಯ್: ಎಲೆ, ಸುಣ್ಣ, ಹಸಿ ಅಡಿಕೆ. ನಾವು ಹೇಗೆ ಬಂದವರಿಗೆ ಕವಳದ ತಟ್ಟೆ ಮುಂದಿಡುತ್ತೇವೋ ಹಾಗೇ. ಹೊರಗಿನಿಂದ ಬಂದವರಿಗೆ ಅಡಿಕೆ ಸೊಕ್ಕಿ ಬೆವರು ಬರುವುದನ್ನು ನೋಡಿ ಅವರಿಗೆ ಅಭ್ಯಾಸ. ನಾನು ಆರಾಮಾಗಿ ಜಗಿಯುತ್ತಾ ಕೂತದ್ದು ನೋಡಿ ಆಕೆ ಗಂಡನನ್ನು ಕೂಗಿ ಕರೆದರು.

ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೇ, ನನಗೆ ಖಾಸಿ ಬಾರದು. ಆದರೂ ಅಡಿಕೆ ಬಗ್ಗೆ ಒಂದು ಗಂಟೆ ಮಾತಾಡಿದೆವು. ನಾವು ಸುಲಿದು ಬೇಯಿಸಿ ಒಣಗಿಸುತ್ತೇವೆ ಅಂತ ಕೈಸನ್ನೆಯಲ್ಲಿ ಹೇಳಿದೆ. ಅವರು ಸಿಪ್ಪೆ ಸಮೇತ ನೀರಿನಲ್ಲಿ ನೆನೆಹಾಕಿಡುವುದನ್ನು ತೋರಿಸಿದರು.

ಬೆಳಿಗ್ಗೆ ಮನೆಯಾತ ತೋಟಕ್ಕೆ ಹೊರಟಾಗ ಬೆನ್ನ ಮೇಲೆ ಮಳೆಗೆ ಒಂದು ಹೊದಿಕೆ ಹಾಕಿಕೊಂಡರು, ಬಿದಿರು ಹೆಣೆದು ಎಲೆ ಹೊದಿಸಿದ್ದು, ತಲೆಯಿಂದ ಸೊಂಟದ ತನಕ ಮುಚ್ಚುತ್ತದೆ. ಅವರು ಅದನ್ನು ಕ್ನುಪ್ ಅನ್ನುತ್ತಾರೆ. ನನ್ನ ಅಜ್ಜ ಗದ್ದೆ ನಟ್ಟಿಗೆ ಹೋಗುವಾಗ ಹಾಕುತ್ತಿದ್ದ ಗೊರಬು ಹೆಚ್ಚುಕಡಿಮೆ ಹಾಗೇ ಇತ್ತು! ನಮ್ಮ ಮನೆಯ ಅಟ್ಟದಲ್ಲಿ ಅದು ಗೆದ್ದಲು ಹಿಡಿದು ಹೋಗಿ ಎಷ್ಟೋ ಕಾಲ ಆಯಿತು. ಇಲ್ಲಿ ಒಬ್ಬ ಮನುಷ್ಯ ಅದನ್ನು ಹಾಕಿಕೊಂಡು ಮಳೆಯಲ್ಲಿ ಎರಡೂ ಕೈ ಬಿಟ್ಟು ಕೆಲಸ ಮಾಡುತ್ತಿದ್ದಾನೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ.

ಒಂದು ವಿಷಯ ಹೇಳಬೇಕು. ನಾವು ಅಲ್ಲಿ ತಿನ್ನುವ ಮ್ಯಾಗಿ, ಕುಡಿಯುವ ಬಾಟಲಿ ನೀರು, ಎಲ್ಲವನ್ನೂ ಯಾರೋ ಆ ಮೆಟ್ಟಿಲುಗಳಲ್ಲಿ ಹೊತ್ತು ತಂದಿರುತ್ತಾರೆ. ಹಣೆಗೆ ಪಟ್ಟಿ ಕಟ್ಟಿ, ಬೆನ್ನಿಗೆ ಬುಟ್ಟಿ ಹಾಕಿ. ಖಾಲಿ ಬಾಟಲಿಯನ್ನಾದರೂ ನಾವು ನಮ್ಮ ಚೀಲದಲ್ಲಿ ಹಾಕಿಕೊಂಡು ಮೇಲೆ ತರಬೇಕು.

ಹೊಸಬ ಹಾಸನ:

ಎಲ್ಲರದ್ದೂ ಓದಿ ತುಂಬಾ ಖುಷಿಯಾಯಿತು. ನನ್ನದೊಂದು ಪ್ರಶ್ನೆ. ಹೀಗೆ ಮನೆಯಲ್ಲಿ ಉಳಿದಾಗ ದುಡ್ಡು ಕೊಡುವುದು ಹೇಗೆ? ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರಾ? ಕೊಡದಿದ್ದರೆ ತಪ್ಪಾಗುತ್ತಾ? ಕೇಳೋಕೆ ಮುಜುಗರ ಆಗುತ್ತೆ.

ಶಿರಸಿ ಚಾರಣಿಗ:

ಕೇಳಿದ್ದು ಒಳ್ಳೆಯದಾಯಿತು ತಮ್ಮಾ. ಈಗ ಸ್ಪಿತಿಯಲ್ಲಿ ಹೆಚ್ಚಿನ ಕಡೆ ಹೋಮ್‌ಸ್ಟೇ ಇವೆ, ಊಟ ಸೇರಿಸಿ ಒಬ್ಬರಿಗೆ ಇಷ್ಟು ಅಂತ ರೇಟು ಇರುತ್ತದೆ. ಹೋದ ತಕ್ಷಣ ಕೇಳಿಬಿಡಿ, ಅವರಿಗೂ ಅದೇ ಸುಲಭ. ಚೌಕಾಸಿ ಮಾತ್ರ ಬೇಡ. ಆರು ತಿಂಗಳು ಹಿಮದಲ್ಲಿ ಕೂರುವ ಮನೆ ಅದು, ಬೇಸಿಗೆಯ ದುಡಿಮೆಯಲ್ಲೇ ವರ್ಷ ಕಳೆಯಬೇಕು.

ದುಡ್ಡು ಬೇಡವೇ ಬೇಡ ಅನ್ನುವ ಮನೆಗಳೂ ಇವೆ. ಅಲ್ಲಿ ನಾನು ಮನೆಯ ಹಿರಿಯ ಹೆಂಗಸಿನ ಕೈಗೆ "ಮಕ್ಕಳ ಪುಸ್ತಕಕ್ಕೆ" ಅಂತ ಕೊಟ್ಟು ಬರುತ್ತೇನೆ. ದೇವರ ಕೋಣೆಯಲ್ಲಿ ಇಟ್ಟು ಬಂದರೂ ಆಗುತ್ತದೆ. ನಮ್ಮ ಕಡೆಯೂ ಹಾಗೇ ತಾನೇ?

ದುಡ್ಡಿಗಿಂತ ಜಾಸ್ತಿ ಗಮನ ಕೊಡಬೇಕಾದ್ದು ನೀರಿಗೆ. ಅಲ್ಲಿ ನೀರು ಅಂದರೆ ಹಿಮ ಕರಗಿದ ನೀರು. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದರೆ ಬೇಸಿಗೆಯಲ್ಲಿ ಹೊಲದ ಕಾಲುವೆಗೂ ಕಡಿಮೆ. ದಿನಾ ಸ್ನಾನ ಬೇಕು ಅನ್ನಬೇಡಿ. ಶೌಚಾಲಯ ಒಣ ಪದ್ಧತಿಯದು: ನೆಲದಲ್ಲೊಂದು ಕಂಡಿ, ಪಕ್ಕದಲ್ಲಿ ಮಣ್ಣು ಅಥವಾ ಬೂದಿಯ ರಾಶಿ, ಒಂದು ಸಲಿಕೆ. ಕೆಲಸ ಆದಮೇಲೆ ಎರಡು ಸಲಿಕೆ ಮಣ್ಣು ಹಾಕಬೇಕು. ನೀರು ಸುರಿಯಬಾರದು, ಪ್ಲಾಸ್ಟಿಕ್ ಹಾಕಲೇಬಾರದು. ಮುಂದೆ ಅದೇ ಗೊಬ್ಬರವಾಗಿ ಬಟಾಣಿ, ಬಾರ್ಲಿ ಹೊಲಕ್ಕೆ ಹೋಗುತ್ತದೆ. ನೀವು ಹಾಕಿದ ಒಂದು ಶಾಂಪೂ ಪ್ಯಾಕೆಟ್ ಮುಂದಿನ ವರ್ಷ ಆ ಅಜ್ಜಿಯ ಕೈಗೆ ಸಿಗುತ್ತದೆ.

ಕನ್ನಡ ಮೇಷ್ಟ್ರು:

ಚಾರಣಿಗರೇ, ನೀವು ಹೇಳಿದ್ದರಲ್ಲಿ ಒಂದು ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮಕ್ಕಳ ಪುಸ್ತಕಕ್ಕೆ ಅಂತ ದೊಡ್ಡವರ ಕೈಗೆ ಕೊಡುವುದು ಸರಿ. ಆದರೆ ಎಷ್ಟೋ ಜನ ನೇರವಾಗಿ ಮಕ್ಕಳಿಗೇ ಪೆನ್ನು, ಚಾಕೊಲೇಟ್, ಹತ್ತು ರೂಪಾಯಿ ನೋಟು ಹಂಚುತ್ತಾರೆ. ಲಡಾಖಿನ ದಾರಿಯಲ್ಲಿ ನಾನೇ ನೋಡಿದ್ದೇನೆ, ಗಾಡಿ ಸದ್ದು ಕೇಳಿದರೆ ಮಕ್ಕಳು ರಸ್ತೆಗೆ ಓಡಿ ಬರುತ್ತಾರೆ. ಆ ಮಕ್ಕಳ ತಾತಂದಿರು ಬಂದವರಿಗೆ ಚಹಾ ಕೊಟ್ಟು ಕಳಿಸಿದವರು. ಮೊಮ್ಮಕ್ಕಳು ಕೈ ಚಾಚುವ ಹಾಗೆ ಮಾಡಿದ್ದು ನಮ್ಮಂಥ ಪ್ರವಾಸಿಗಳು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಕೊಡಬೇಕು ಅನ್ನಿಸಿದರೆ ಶಾಲೆಗೆ ಹೋಗಿ. ಮೇಷ್ಟ್ರನ್ನು ಭೇಟಿ ಮಾಡಿ, ಏನು ಬೇಕು ಅಂತ ಕೇಳಿ. ನಾನು ಹಾಗೆ ಕೇಳಿದಾಗ ಒಬ್ಬ ಶಿಕ್ಷಕಿ, "ಪೆನ್ನು ಬೇಡ ಸರ್, ಒಂದು ಪಿರಿಯಡ್ ತಗೊಳ್ಳಿ" ಅಂದರು. ಸಮುದ್ರದ ಬಗ್ಗೆ ಹೇಳಿ ಅಂದರು. ಆ ತರಗತಿಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಕಾರವಾರದ ಕಡಲು, ಅಲೆ, ಮೀನು ದೋಣಿ, ಉಬ್ಬರ ಇಳಿತ ಎಲ್ಲ ಬೋರ್ಡಿನ ಮೇಲೆ ಬರೆದು ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದಾಗ ಮೀನುಗಾರರು ಏನು ಮಾಡುತ್ತಾರೆ ಅಂತ ಕೇಳಿದಳು. ಅವಳ ಊರಲ್ಲಿ ನೀರು ಅಂದರೆ ಚಳಿಗಾಲಕ್ಕೆ ಕಲ್ಲಾಗುವಂಥದ್ದು. ಎಷ್ಟು ಸರಿಯಾದ ಪ್ರಶ್ನೆ ನೋಡಿ!

ಫೋಟೋ ವಿಷಯವೂ ಅಷ್ಟೇ. ಕ್ಯಾಮೆರಾ ಎತ್ತುವ ಮೊದಲು ಕೇಳಬೇಕು. ಬೇಡ ಅಂದರೆ ನಗುತ್ತಾ ಒಳಗಿಡಬೇಕು.

ಶಿರಸಿ ಚಾರಣಿಗ:

ಮೇಷ್ಟ್ರೇ, ಒಪ್ಪಿದೆ. ಮಕ್ಕಳ ಕೈಗೆ ಕೊಡುವುದಕ್ಕೆ ನನ್ನದೂ ವಿರೋಧವೇ. ನಿಮ್ಮ ಸಮುದ್ರದ ಪಾಠ ಇನ್ನೂ ವಿವರವಾಗಿ ಬರೆಯಿರಿ, ಓದಲು ಆಸೆ ಇದೆ.

ಪಂಜದ ಹುಡುಗ:

ಹಿಮಾಲಯದ ತನಕ ಹೋಗದವರ ಪರವಾಗಿ ಒಂದು ಮಾತು. ಕುಮಾರಪರ್ವತ ಹತ್ತಿದ ಯಾರಿಗೆ ಗಿರಿಗದ್ದೆಯ ಭಟ್ಟರ ಮನೆ ಗೊತ್ತಿಲ್ಲ ಹೇಳಿ? ಕುಕ್ಕೆಯಿಂದ ಕಾಡಿನ ಏರು ಹತ್ತಿ ಸುಸ್ತಾಗಿ ಹೋದರೆ ಅಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ರಾತ್ರಿ ಹೊತ್ತಲ್ಲಿ ಮಳೆಯಲ್ಲಿ ನೆನೆದು ಬಂದವರಿಗೂ ಅಲ್ಲಿ ಊಟ ಸಿಕ್ಕಿದೆ. ಮೊದಲೆಲ್ಲ ಬೆಂಗಳೂರಿನ ಹುಡುಗರು ಊರಿಗೆ ಹೋದ ಮೇಲೂ ಅವರಿಗೆ ಕಾಗದ ಬರೆಯುತ್ತಿದ್ದರು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ.

2024ರ ಜನವರಿಯಲ್ಲಿ ಒಂದೇ ವಾರಾಂತ್ಯ ಸಾವಿರಾರು ಜನ ನುಗ್ಗಿ ಬೆಟ್ಟದ ಮೇಲೆ ಜಾತ್ರೆಯೇ ಆಗಿತ್ತು. ಆಮೇಲೆ ಅರಣ್ಯ ಇಲಾಖೆಯವರು ಕೆಲ ಕಾಲ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದರು, ಜನರ ಸಂಖ್ಯೆಗೆ ಮಿತಿ ಹಾಕಿದರು. ಒಳ್ಳೆಯದೇ ಆಯಿತು. ಅಷ್ಟು ಜನ ಹೋದರೆ ಯಾರು ಯಾರ ಮುಖ ನೋಡುತ್ತಾರೆ? ಊಟ ಬಡಿಸುವವರಿಗೆ ಬಂದವರ ಊರು ಕೇಳುವಷ್ಟಾದರೂ ಪುರುಸೊತ್ತು ಬೇಕಲ್ಲ.

ಕಾಲುದಾರಿ:

ಇಲ್ಲಿ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ.

ನೇಪಾಳದ ಲಾಂಗ್ಟಾಂಗ್ ಕಣಿವೆ. ನಾನು ಮತ್ತು ನಮ್ಮ ಯಜಮಾನರು ಮೊದಲ ಸಲ ಹೋದದ್ದು ಭೂಕಂಪಕ್ಕೆ ಮುಂಚೆ. ಸ್ಯಾಬ್ರುಬೇಸಿಯಿಂದ ನದಿ ಹಿಡಿದು ಮೇಲೆ ನಡೆಯುತ್ತಾ ಹೋದರೆ ಲಾಂಗ್ಟಾಂಗ್ ಹಳ್ಳಿ. ಕಲ್ಲಿನ ಮನೆಗಳು, ಮರದ ಕಿಟಕಿಗಳಿಗೆ ಕೆತ್ತನೆ. ನಮ್ಮನ್ನು ಇಳಿಸಿಕೊಂಡ ದೀದಿಗೆ ನನ್ನಷ್ಟೇ ವಯಸ್ಸು. ನನಗೆ ಎತ್ತರಕ್ಕೆ ತಲೆನೋವು ಬಂದು ಮಲಗಿದ್ದಾಗ ಬೆಳ್ಳುಳ್ಳಿ ಸಾರು ಮಾಡಿ ಕುಡಿಸಿದರು. ರಾತ್ರಿ ಎದ್ದು ಬಂದು ಹಣೆ ಮುಟ್ಟಿ ನೋಡಿದರು. ಮಾರನೇ ದಿನವೂ ಮೇಲೆ ಹೋಗಲು ಬಿಡಲಿಲ್ಲ. "ಬೆಟ್ಟ ಕಾಯುತ್ತದೆ, ನೀವು ಮಲಗಿ" ಅಂದರು. ಅಡುಗೆಮನೆಯಲ್ಲಿ ಹಿತ್ತಾಳೆ ಪಾತ್ರೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು, ನಮ್ಮ ಅಮ್ಮ ಇಡುವ ಥರವೇ ದೊಡ್ಡದರಿಂದ ಚಿಕ್ಕದಕ್ಕೆ. ಹೊಳೆಯುವ ಹಾಗೆ ತಿಕ್ಕಿದ್ದು ನೋಡಿ, ಯಾವುದರಿಂದ ತಿಕ್ಕುತ್ತೀರಿ ಅಂತ ಕೇಳಿದೆ. ಬೂದಿ ಅಂದರು. ನಮ್ಮಲ್ಲಿ ಹುಣಸೆಹಣ್ಣು ಅಂದೆ.

2015ರ ಏಪ್ರಿಲ್ 25ರಂದು ಭೂಕಂಪವಾಯಿತು. ಮೇಲಿನ ಹಿಮ, ಮಂಜುಗಡ್ಡೆ, ಬಂಡೆ ಎಲ್ಲ ಒಟ್ಟಿಗೆ ಕುಸಿದು ಆ ಹಳ್ಳಿಯ ಮೇಲೆ ಬಿತ್ತು. ಹಳ್ಳಿ ಪೂರ್ತಿ ಮುಚ್ಚಿಹೋಯಿತು. ಊರವರು, ಚಾರಣಿಗರು, ಹೊರೆ ಹೊರುವವರು ಎಲ್ಲ ಸೇರಿ ಕಣಿವೆಯಲ್ಲಿ ಸತ್ತವರು ಮುನ್ನೂರರ ಆಸುಪಾಸು. ಟಿವಿಯಲ್ಲಿ ತೋರಿಸಿದಾಗ ಬರೀ ಬೂದು ಬಣ್ಣದ ಇಳಿಜಾರು. ಬಂಡೆಯ ಆಸರೆಯಲ್ಲಿ ಒಂದೇ ಒಂದು ಮನೆ ಉಳಿದಿತ್ತು.

ಎಷ್ಟೋ ದಿನ ದೀದಿಯ ಸುದ್ದಿ ತಿಳಿಯಲಿಲ್ಲ. ಅವರ ಫೋನ್ ನಂಬರ್ ಇತ್ತು, ಹೋಗುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಮತ್ತೆ ಹೋದೆವು. ಹಳೇ ಊರಿನ ಜಾಗದ ಮೇಲೆಯೇ, ಕಲ್ಲುಗುಪ್ಪೆಗಳ ಮೇಲೆ ಈಗ ದಾರಿ ಹೋಗುತ್ತದೆ. ಸ್ವಲ್ಪ ಆಚೆ ಹೊಸ ಮನೆಗಳು, ನೀಲಿ ತಗಡಿನ ಮಾಡು. ಸತ್ತವರ ಹೆಸರು ಕೆತ್ತಿದ ಕಲ್ಲುಗಳಿವೆ. ನಾವು ಪ್ರತಿ ಹೆಸರನ್ನೂ ಓದಿದೆವು. ದೀದಿಯ ಹೆಸರು ಇರಲಿಲ್ಲ. ಅವರ ಗಂಡನ ಹೆಸರು ಇತ್ತು.

ದೀದಿ ಮೇಲಿನ ಕ್ಯಾಂಜಿನ್ ಗೊಂಪಾ ಅನ್ನುವ ಊರಲ್ಲಿ ತಂಗಿಯ ಲಾಡ್ಜ್‌ನಲ್ಲಿ ಕೆಲಸ ಮಾಡುತ್ತಿದ್ದರು. ನನ್ನನ್ನು ಗುರುತು ಹಿಡಿದರು. ಏನು ಮಾತಾಡಬೇಕು ಅಂತ ನನಗೆ ತೋಚಲಿಲ್ಲ. ಅವರೇ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ಇಬ್ಬರೂ ಸೇರಿ ಆಲೂಗಡ್ಡೆ ಸುಲಿದೆವು. ಈಗಲೂ ದಸರಾ ಹೊತ್ತಿಗೆ ಫೋನ್ ಮಾಡುತ್ತೇವೆ. ಅವರದ್ದು ದಶೈಂ, ನಮ್ಮದು ದಸರಾ, ಇಬ್ಬರಿಗೂ ಅದು ಹಬ್ಬದ ಕಾಲ. ಮಗಳು ಕಾಠ್ಮಂಡುವಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಧಾರವಾಡದವಳು:

ಅಕ್ಕಾ, ಏನು ಬರೆಯಲಿ. ಬರೆದು ಒಳ್ಳೆಯದು ಮಾಡಿದಿರಿ. ದೀದಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ.

ಮ್ಯೂನಿಕ್ ಕನ್ನಡಿಗ:

ಕಾಲುದಾರಿ ಅಕ್ಕನವರ ಬರಹ ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಾನು ಜಾರ್ಜಿಯಾದ ಸ್ವಾನೇತಿ ಬಗ್ಗೆ ಬರೆಯುತ್ತೇನೆ. ಕಾಕಸಸ್ ಪರ್ವತದ ಸೀಮೆ. ಮೆಸ್ತಿಯಾದಿಂದ ಉಷ್ಗುಲಿಗೆ ಊರಿಂದ ಊರಿಗೆ ನಡೆದು ಹೋಗುವ ದಾರಿ ಇದೆ. ಪ್ರತಿ ಊರಲ್ಲೂ ಕಲ್ಲಿನ ಗೋಪುರಗಳು, ಸಾವಿರ ವರ್ಷದಷ್ಟು ಹಳೆಯವೂ ಇವೆ. ಶತ್ರುಗಳು ಬಂದಾಗ, ಮನೆತನಗಳ ನಡುವೆ ಸೇಡು ಹತ್ತಿದಾಗ ಒಳಗೆ ಸೇರಿಕೊಳ್ಳಲು ಕಟ್ಟಿಕೊಂಡದ್ದು.

ನಾನು ಸಸ್ಯಾಹಾರಿ. ಅಲ್ಲಿ ಮಾಂಸ ಇಲ್ಲದ ಊಟ ಅಂದರೆ ಅತಿಥಿಗೆ ಕಡಿಮೆ ಮಾಡಿದ ಹಾಗೆ ಅಂತ ಅವರ ಭಾವನೆ. ಆದಿಶಿ ಅನ್ನುವ ಪುಟ್ಟ ಊರಿನ ಅಮ್ಮ ಒಬ್ಬರು ಮೊದಲು ಬೇಜಾರು ಮಾಡಿಕೊಂಡರು. ಆಮೇಲೆ ಹುರುಳಿಕಾಯಿ ಬೀಜದ ಹೂರಣ ತುಂಬಿದ ರೊಟ್ಟಿ, ಆಲೂಗಡ್ಡೆ-ಚೀಸ್ ಕಲಸಿದ ಮುದ್ದೆಯಂಥದ್ದು, ಬೀಟ್‌ರೂಟ್, ಉಪ್ಪಿನಕಾಯಿ ಅಂತ ಮೇಜು ತುಂಬಿಸಿಬಿಟ್ಟರು. ಎಲ್ಲದರ ಮೇಲೂ ಸ್ವಾನ್ ಉಪ್ಪು. ಉಪ್ಪಿಗೆ ಬೆಳ್ಳುಳ್ಳಿ, ಕೊತ್ತಂಬರಿ, ಒಂದು ಜಾತಿಯ ಮೆಂತ್ಯ, ಒಣಮೆಣಸು, ಚೆಂಡುಹೂವಿನ ಪುಡಿ ಎಲ್ಲ ಸೇರಿಸಿ ಕುಟ್ಟಿರುತ್ತಾರೆ. ನನ್ನ ಚೀಲದಲ್ಲಿ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಇತ್ತು. ಮೇಜಿನ ಮೇಲಿಟ್ಟೆ. ಅವರು ಚೂರು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಬೆಳ್ಳುಳ್ಳಿ ಇದೆ ಅಂತ ಬೆರಳೆತ್ತಿ ತೋರಿಸಿದರು! ಹೊರಡುವಾಗ ಡಬ್ಬಿ ಅಲ್ಲೇ ಬಿಟ್ಟೆ. ಅವರು ಕಾಗದದಲ್ಲಿ ಉಪ್ಪು ಕಟ್ಟಿಕೊಟ್ಟರು.

ಮುಂದೆ ಹಿಮನದಿಯಿಂದ ಇಳಿಯುವ ಹೊಳೆ ದಾಟಬೇಕು. ನೀರಿನ ಸೆಳೆತ ಜೋರು. ಬೆಳಿಗ್ಗೆ ಊರಿನವರು ಕುದುರೆ ತಂದು ನಿಂತಿರುತ್ತಾರೆ, ದುಡ್ಡು ಕೊಟ್ಟರೆ ದಾಟಿಸುತ್ತಾರೆ. ನನ್ನನ್ನು ದಾಟಿಸಿದವನು ಹಿಂದಿನ ರಾತ್ರಿ ಊಟ ಬಡಿಸಿದ ಅಮ್ಮನ ಮಗ. ಮನೆಯ ಅತಿಥಿ ಅಂತ ದುಡ್ಡು ತಗೊಳ್ಳಲೇ ಇಲ್ಲ.

ಬೈಕ್ ಬಳ್ಳಾರಿ:

ಎಲ್ಲ ಚೆನ್ನಾಗಿದೆ. ಆದರೆ ಈಗ ಜಾನ್ಸ್ಕರ್‌ಗೂ ರಸ್ತೆ ಬಂತು. ನಿಮ್ಮು-ಪದುಮ್-ದಾರ್ಚಾ ರಸ್ತೆ 2024ರಲ್ಲಿ ಪೂರ್ತಿ ಕೂಡಿಕೊಂಡಿತು. ಶಿಂಕು ಲಾ ಅನ್ನುವ ಘಟ್ಟದ ಕೆಳಗೆ ಸುರಂಗದ ಕೆಲಸವೂ ಶುರುವಾಗಿದೆ. ಇನ್ನು ಆ ಹಳೇ ಆತಿಥ್ಯ ಎಲ್ಲ ಮುಗಿದ ಹಾಗೇ. ರಸ್ತೆ ಬಾರದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಧಾರವಾಡದವಳು:

ಬಳ್ಳಾರಿ ಅಣ್ಣಾ, ಹಾಗೆ ಅನ್ನಬೇಡಿ ದಯವಿಟ್ಟು. ಪದುಮ್‌ನಲ್ಲಿ ನಾವು ಉಳಿದ ಮನೆಯ ಸೊಸೆಯ ಜೊತೆ ಒಂದು ಸಂಜೆ ಇದೇ ಮಾತಾಡಿದ್ದೆ. ಮೊದಲು ಚಳಿಗಾಲದಲ್ಲಿ ಕಾರ್ಗಿಲ್ ಕಡೆಯ ಪೆನ್ಸಿ ಲಾ ಘಟ್ಟ ಮುಚ್ಚಿದರೆ ಹೊರಗೆ ಹೋಗುವ ದಾರಿ ಹೆಪ್ಪುಗಟ್ಟಿದ ನದಿಯೊಂದೇ. ಅದನ್ನೇ ನಾವು ಚಾದರ್ ಟ್ರೆಕ್ ಅಂತ ದುಡ್ಡು ಕೊಟ್ಟು ಮಾಡುತ್ತೇವೆ. ಅವರ ಮಕ್ಕಳು ಅದೇ ಮಂಜುಗಡ್ಡೆಯ ಮೇಲೆ ಅಪ್ಪನ ಕೈ ಹಿಡಿದು ಲೇಹ್‌ನ ಶಾಲೆಗೆ ನಡೆದು ಹೋಗುತ್ತಿದ್ದರು. ಹೆರಿಗೆ ಕಷ್ಟವಾದರೆ ಹೆಲಿಕಾಪ್ಟರ್‌ಗೆ ಕಾಯಬೇಕು, ಮೋಡ ಇದ್ದರೆ ಅದೂ ಇಲ್ಲ. ಆಕೆಗೆ ರಸ್ತೆ ಬೇಕೇ ಬೇಕಿತ್ತು. ನಮ್ಮ ನೆನಪು ಚೆನ್ನಾಗಿರಲಿ ಅಂತ ಅವರು ಹಾಗೇ ಇರಬೇಕು ಅನ್ನುವುದು ಯಾವ ನ್ಯಾಯ?

ರಸ್ತೆಯ ಜೊತೆ ಕಸ ಬರುತ್ತದೆ, ದೊಡ್ಡ ಹೋಟೆಲ್‌ಗಳು ಬರುತ್ತವೆ. ಅದರ ಭಯ ಅವರಿಗೂ ಇದೆ. ಹೊರಗಿನವರು ಬಂದು ಜಾಗ ಹಿಡಿಯದಿರಲಿ, ಹೋಮ್‌ಸ್ಟೇ ನಮ್ಮ ಊರವರ ಕೈಯಲ್ಲೇ ಇರಲಿ ಅಂತ ಆಕೆ ಹೇಳಿದ್ದರು. ನಾವು ಉಳಿಯುವ ಮನೆ ಯಾರದು ಅಂತ ಕೇಳಿ ಉಳಿಯೋಣ. ಅದು ನಮ್ಮ ಕೈಯಲ್ಲಿದೆ.

ಬೈಕ್ ಬಳ್ಳಾರಿ:

ಹೆರಿಗೆಯ ಮಾತು ಕೇಳಿದ ಮೇಲೆ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ ಅಕ್ಕಾ. ಬೈಕಿನಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರ್ ಹೊಡೆದರೆ ಇದೆಲ್ಲ ಕೇಳಲು ಸಿಗುವುದಿಲ್ಲ. ಮುಂದಿನ ಸಲ ಪದುಮ್‌ನಲ್ಲಿ ಬೈಕ್ ನಿಲ್ಲಿಸಿ ನಡೆಯುತ್ತೇನೆ.

ಹೊಸಬ ಹಾಸನ:

ಚಾರಣಿಗ ಅಣ್ಣಾ, ನಾನು ಮತ್ತು ನನ್ನ ತಂಗಿ ಸೆಪ್ಟೆಂಬರ್‌ನಲ್ಲಿ ಸ್ಪಿತಿಗೆ ಹೊರಟಿದ್ದೇವೆ. ಮನಾಲಿ ಕಡೆಯಿಂದ ಹೋಗಲೋ ಶಿಮ್ಲಾ ಕಡೆಯಿಂದಲೋ? ಆಗ ಹೊಲದ ಕೆಲಸ ಇರುತ್ತಾ?

ಶಿರಸಿ ಚಾರಣಿಗ:

ಶಿಮ್ಲಾ ಕಡೆಯಿಂದಲೇ ಹೋಗಿ. ರಾಮ್‌ಪುರ, ರೆಕಾಂಗ್ ಪಿಯೋ, ನಾಕೊ, ತಾಬೋ ಅಂತ ನಿಧಾನಕ್ಕೆ ಎತ್ತರ ಏರುತ್ತದೆ, ಮೈ ಹೊಂದಿಕೊಳ್ಳುತ್ತದೆ. ಮನಾಲಿಯಿಂದ ಹೋದರೆ ಒಂದೇ ದಿನದಲ್ಲಿ ಕುಂಜುಮ್ ಘಟ್ಟ, ಅಂದರೆ ನಾಲ್ಕೂವರೆ ಸಾವಿರ ಮೀಟರ್ ದಾಟಬೇಕು, ತಲೆನೋವು ಬರುವುದು ಜಾಸ್ತಿ. ವಾಪಸ್ ಬರುವಾಗ ಆ ದಾರಿ ಹಿಡಿಯಿರಿ. ಬಾತಲ್‌ನಲ್ಲಿ ಚಾಚಾ-ಚಾಚಿ ಢಾಬಾ ಇದೆ. ಹಿಮದಲ್ಲಿ ಸಿಕ್ಕಿಹಾಕಿಕೊಂಡ ಎಷ್ಟೋ ಜನರಿಗೆ ಊಟ, ಹೊದಿಕೆ ಕೊಟ್ಟು ಜೀವ ಉಳಿಸಿದ ದಂಪತಿ ಅವರು. ಅಲ್ಲಿ ಊಟ ಮಾಡದೆ ಬರಬೇಡಿ.

ತಾಬೋದಲ್ಲಿ ಒಂದು ರಾತ್ರಿ ಉಳಿಯಿರಿ. 996ರಲ್ಲಿ ಕಟ್ಟಿದ ಮಠ ಅದು, ಗೋಡೆಯ ಚಿತ್ರಗಳನ್ನು ನೋಡಲು ಒಳಗಿನ ಕತ್ತಲೆಗೆ ಕಣ್ಣು ಹೊಂದುವ ತನಕ ಕಾಯಬೇಕು. ಫೋಟೋ ತೆಗೆಯುವ ಹಾಗಿಲ್ಲ.

ಪಿಯೋದಿಂದ ಕಾಜಾ ಬಸ್ ಬೆಳಗಿನ ಜಾವ ಹೊರಡುತ್ತದೆ, ಹಿಂದಿನ ದಿನವೇ ಹೋಗಿ ಸೀಟು ವಿಚಾರಿಸಿ. ಕಾಜಾದಲ್ಲಿ ಎಟಿಎಂ ಇದೆ, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ, ನೋಟು ಇಟ್ಟುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಬಟಾಣಿ ಮುಗಿದಿರುತ್ತದೆ, ಬಾರ್ಲಿ ಕೊಯ್ಲು ನಡೆಯುತ್ತಿರುತ್ತದೆ. ಕೈಗವಸು ತಗೊಂಡು ಹೋಗಿ, ಕೆಲಸ ಕೇಳಿದರೆ ಖಂಡಿತ ಕೊಡುತ್ತಾರೆ.